ಅಪ್ಪಾ ಬಳವಂತ ಚೌಕದ ಹಳೇ ಪುಸ್ತಕದಂಗಡಿ

ಪುಣೆಯ ಈ ಅಂಗಡಿಯಲ್ಲಿ ವಿಷ್ಣುಭಟ್ಟ ಗೋಡ್ಸೆಯವರ ಮರಾಠಿ ಪ್ರವಾಸಕಥನ ‘ಮಾಝಾ ಪ್ರವಾಸ’ ಕೇಳಿದರೆ ಬೇರೆ ಬೇರೆ ಆವೃತ್ತಿ ತಂದಿಡುತ್ತಾರೆ. ಅವಸರ ಬೇಡ, ಮೊದಲು ಸಂಪಾದಕರ ಹೆಸರು ನೋಡಿ. 1907ರಲ್ಲಿ ಚಿಂ. ವಿ. ವೈದ್ಯರು ಅಚ್ಚು ಹಾಕಿಸಿದ್ದು ತಿದ್ದಿದ ಪಠ್ಯ. 1858ರ ಝಾನ್ಸಿ ಮುತ್ತಿಗೆಯನ್ನು ಊರೊಳಗಿದ್ದೇ ಕಂಡ ಭಟ್ಟರ ಮಾತು ಅವರದೇ ಧಾಟಿಯಲ್ಲಿ ಬೇಕೆಂದರೆ, ದತ್ತೋ ವಾಮನ ಪೋತದಾರರು ಹಸ್ತಪ್ರತಿಯಿಂದ ಸಿದ್ಧಪಡಿಸಿದ್ದನ್ನೇ ಹಿಡಿಯಿರಿ. ಹಳೇ ಮರಾಠಿ, ಆದರೆ ಎಷ್ಟು ಜೀವಂತ!

ಪುಸ್ತಕವನ್ನು ನಡುವೆ ಬಿಡಿಸಿ ನೋಡಿ. ಹೊಲಿಗೆಯ ದಾರ ಗಟ್ಟಿಯಿದ್ದರೆ ಸರಿ; ಪಿನ್ನಿನ ತುಕ್ಕು ಹಾಳೆಗೆ ಇಳಿದಿದ್ದರೆ ಅಲ್ಲೇ ಹರಿಯುತ್ತದೆ, ಬಿಡಿ. ಪ್ಲಾಸ್ಟಿಕ್ ಹೊದಿಕೆ ಬಿಗಿದು ಕೊಡುವುದೊಂದೇ ಇವರ ಕೊರತೆ: ಮಳೆಗಾಲದಲ್ಲಿ ತೇವ ಒಳಗೇ ನಿಂತು ಬೂಷ್ಟು ಹಿಡಿಯುತ್ತದೆ. ಮನೆಗೆ ಬಂದ ಕೂಡಲೇ ತೆಗೆದುಹಾಕಿ.