ಮನೆಯಲ್ಲೇ ಮಾಡಿದ ಅಟೆನ್ಯುಯೇಟರ್, ಮೂರು ವರ್ಷದ ನಂತರ: ಒಂದು ಡಬ್ಬಿ ಸೂಪರ್, ಎರಡನೆಯದು ಸುಮಾರು

ನನ್ನದು 15 ವ್ಯಾಟ್‌ನ ಗಿಟಾರ್ ಟ್ಯೂಬ್ ಆಂಪ್, ಸ್ಪೀಕರ್‌ಗೆ ಪವರ್ ಕೊಡುವುದು ಎರಡು ಇಎಲ್84 ಟ್ಯೂಬ್. 15 ಅಂದರೆ ಏನು ಮಹಾ ಅನ್ನಿಸಬಹುದು. ಆದರೆ ನಮ್ಮದು ಪಕ್ಕದ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಎಣಿಸಬಹುದಾದ ಅಪಾರ್ಟ್‌ಮೆಂಟ್. ಅಲ್ಲಿ ಈ ಪವರ್ ಟ್ಯೂಬ್ ಕ್ರಂಚ್ ಆಗುವವರೆಗೆ, ಅಂದರೆ ಸದ್ದು ಹಿತವಾಗಿ ಒಡೆಯುವವರೆಗೆ, ವಾಲ್ಯೂಮ್ ಏರಿಸಿದರೆ ಜಗಳ ಗ್ಯಾರಂಟಿ. ಮಾಸ್ಟರ್ ವಾಲ್ಯೂಮ್ ಇಳಿಸಿದರೆ ಆಂಪ್‌ನ ಮೊದಲ ಹಂತವಾದ ಪ್ರೀಆಂಪ್ ಮಾತ್ರ ಕಿರುಚುತ್ತದೆ, ಪವರ್ ಟ್ಯೂಬ್‌ಗಳು ಸುಮ್ನೆ ಕೂತಿರುತ್ತವೆ. ಆಂಪ್ ಪೂರ್ತಿ ದುಡಿಯಬೇಕು, ಸ್ಪೀಕರ್‌ಗೆ ಮುಟ್ಟುವ ಮೊದಲೇ ಪವರ್ ಶಾಖವಾಗಿ ಹೋಗಬೇಕು. ಅಟೆನ್ಯುಯೇಟರ್ ಮಾಡುವ ಕೆಲಸ ಇಷ್ಟೇ.

8 ಓಮ್ ಸ್ಪೀಕರ್‌ಗೆ 6 ಡಿಬಿ (ಡೆಸಿಬಲ್) ಇಳಿಸಲು ಲೆಕ್ಕ ಸುಲಭ: ಸೀರೀಸ್‌ನಲ್ಲಿ 4 ಓಮ್, ಸ್ಪೀಕರ್‌ಗೆ ಪ್ಯಾರಲಲ್ ಆಗಿ 8 ಓಮ್. ಆಂಪ್‌ಗೆ ಕಾಣುವುದು ಮತ್ತೆ 8 ಓಮೇ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿನಲ್ಲಿ ಸಿಕ್ಕಿದ್ದು 8.2 ಓಮ್, 50 ವ್ಯಾಟ್‌ನ ಅಲ್ಯೂಮಿನಿಯಂ ಮೈಯ ರೆಸಿಸ್ಟರ್. ಮೂರು ಸಾಕು! ಎರಡನ್ನು ಪ್ಯಾರಲಲ್ ಮಾಡಿದರೆ 4.1, ಮೂರನೆಯದು 8.2. ಹೀಗೆ ಎರಡು ಡಬ್ಬಿ ಮಾಡಿದೆ. ಒಂದು ಹಾಕಿದರೆ 6 ಡಿಬಿ, ಒಂದರ ಹಿಂದೆ ಒಂದು ಸಿಕ್ಕಿಸಿದರೆ 12. ಸ್ವಿಚ್ ಬೇಕಂತಲೇ ಹಾಕಲಿಲ್ಲ. ನುಡಿಸುವಾಗ ಸ್ವಿಚ್ ಒಂದು ಕ್ಷಣ ಓಪನ್ ಆದರೂ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ಜಿಗಿದು ಸುಟ್ಟುಹೋಗಬಹುದು. ಈ ಡಬ್ಬಿಯಲ್ಲಿ ಸ್ಪೀಕರ್ ಕೇಬಲ್ ಕಿತ್ತು ಬಂದರೂ ಆಂಪ್‌ಗೆ 12.3 ಓಮ್ ಲೋಡ್ ಇದ್ದೇ ಇರುತ್ತದೆ. ಈ ಒಂದು ಕಾರಣಕ್ಕೇ ನನಗೆ ಈ ಡಿಸೈನ್ ಇಷ್ಟ.

ಮೊದಲನೆಯದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಾಡಿದ್ದೆ. ದಡ್ಡತನ. ಆ ರೆಸಿಸ್ಟರ್‌ಗಳು 50 ವ್ಯಾಟ್ ತಡೆಯುವುದು ದೊಡ್ಡ ಲೋಹದ ತಗಡಿಗೆ ಬಿಗಿದಾಗ ಮಾತ್ರ. ಅರ್ಧ ಗಂಟೆ ನುಡಿಸುವಷ್ಟರಲ್ಲಿ ಸುಟ್ಟ ವಾಸನೆ ಬಂತು, ಡಬ್ಬಿಯ ತಳ ಮೆತ್ತಗಾಗಿತ್ತು. ಈಗಿರುವುದು ದಪ್ಪ ಅಲ್ಯೂಮಿನಿಯಂ ಡಬ್ಬಿ, ರೆಸಿಸ್ಟರ್ ಕೆಳಗೆ ಶಾಖ ದಾಟಿಸುವ ಥರ್ಮಲ್ ಪೇಸ್ಟ್, ಗಾಳಿಯಾಡಲು ರಂಧ್ರ. ಜೋರಾಗಿ ನುಡಿಸಿದ ಮೇಲೆ ಇವತ್ತಿಗೂ ಬಿಸಿಯಾಗುತ್ತದೆ, ಕೈ ಇಡಬಹುದು ಅಷ್ಟೆ. ಇನ್ನೊಂದು ತಪ್ಪು: ಆಂಪ್‌ನಿಂದ ಡಬ್ಬಿಗೆ ಗಿಟಾರ್ ಕೇಬಲ್ ಹಾಕಿದ್ದು. ಅದರ ಸಣ್ಣ ತಂತಿ ಬೆಚ್ಚಗಾಗಿತ್ತು. ಇಲ್ಲಿ ಸ್ಪೀಕರ್ ಕೇಬಲ್ಲೇ ಬೇಕು.

ಸದ್ದಿನ ಮಾತಿಗೆ ಬರೋಣ. 6 ಡಿಬಿ ಅಂದರೆ ಸ್ಪೀಕರ್‌ಗೆ ಕಾಲು ಭಾಗ ಪವರ್, ಸುಮಾರು 3.75 ವ್ಯಾಟ್. ಆದರೂ ಕಿವಿಗೆ ಅರ್ಧದಷ್ಟೂ ಕಮ್ಮಿ ಅನ್ನಿಸುವುದಿಲ್ಲ. ಟೋನ್ ಮಾತ್ರ ಬಹುತೇಕ ಹಾಗೇ ಇದೆ, ಅಂಚು ಒಂಚೂರು ನಯವಾಗುತ್ತದೆ. 12 ಡಿಬಿಗೆ ಹೋದರೆ 1 ವ್ಯಾಟಿನ ಹತ್ತಿರ. ರಾತ್ರಿ ಎಂಟರವರೆಗೂ ಯಾರೂ ಬಾಗಿಲು ತಟ್ಟುವುದಿಲ್ಲ, ಆದರೆ ಗಿಟಾರ್ ಮೇಲೆ ಕಂಬಳಿ ಹೊದಿಸಿದ ಹಾಗೆ. ಕಾರಣ, ನಿಜವಾದ ಸ್ಪೀಕರ್‌ನ ಇಂಪಿಡೆನ್ಸ್ (ಎಸಿ ಕರೆಂಟಿಗೆ ಒಡ್ಡುವ ತಡೆ) ಎಲ್ಲ ಸ್ವರಕ್ಕೂ 8 ಓಮ್ ಇರುವುದಿಲ್ಲ. ಬಾಸ್‌ನಲ್ಲಿ ಒಂದು ಕಡೆ ದಿಢೀರನೆ ಏರುತ್ತದೆ, ಟ್ರೆಬಲ್‌ನಲ್ಲಿ ಮೆಲ್ಲಗೆ ಏರುತ್ತದೆ. ಆಂಪ್ ಆ ಏರಿಳಿತಕ್ಕೆ ಸ್ಪಂದಿಸುತ್ತದೆ, ರೆಸಿಸ್ಟರ್ ಅದನ್ನು ಸಪಾಟು ಮಾಡುತ್ತದೆ. ಮೆಲ್ಲಗಿನ ಸದ್ದಿನಲ್ಲಿ ನಮ್ಮ ಕಿವಿಗೆ ಬಾಸ್, ಟ್ರೆಬಲ್ ಕಮ್ಮಿ ಕೇಳಿಸುವುದೂ ಇದಕ್ಕೆ ಸೇರುತ್ತದೆ. ಎರಡನೇ ಡಬ್ಬಿಯ ಸೀರೀಸ್ ರೆಸಿಸ್ಟರ್‌ಗೆ ಅಡ್ಡವಾಗಿ 10 ಮೈಕ್ರೋಫ್ಯಾರಡ್‌ನ ನಾನ್-ಪೋಲಾರ್ ಕೆಪಾಸಿಟರ್ ಹಾಕಿದ ಮೇಲೆ ಟ್ರೆಬಲ್ ಸ್ವಲ್ಪ ಮರಳಿತು. ಸ್ಪೀಕರ್ ಕೋನ್ ಅಲುಗಾಡಿದಾಗ ಸಿಗುವ ಆ ಗುಮ್ಮು ಮಾತ್ರ ಬರಲಿಲ್ಲ.

ಖರ್ಚು ಎರಡಕ್ಕೂ ಸೇರಿ ಸುಮಾರು 1,500 ರೂಪಾಯಿ. ಆಮೇಲೆ ಬಂದ ಖರ್ಚು ಬೇರೆ: ಆಂಪ್ ಯಾವಾಗಲೂ ಪೂರ್ತಿ ದುಡಿಯುವುದರಿಂದ ಮೂರು ವರ್ಷದಲ್ಲಿ ಇಎಲ್84 ಜೋಡಿ ಎರಡು ಸಲ ಬದಲಾಯಿಸಿದೆ. ಮೆಲ್ಲಗೆ ಕೇಳುತ್ತಿದೆ ಅಂತ ಟ್ಯೂಬ್‌ಗೆ ವಿಶ್ರಾಂತಿ ಸಿಗುವುದಿಲ್ಲ, ಅಲ್ವಾ. ಒಂದು ಜ್ಯಾಕ್ ಸಡಿಲವಾಗಿತ್ತು, ಬೆಸುಗೆ ಹಾಕಿದೆ.

ನೀವೂ ಮಾಡುವುದಾದರೆ ಆಂಪ್‌ಗೆ ಜೋಡಿಸುವ ಮುನ್ನ ಮಲ್ಟಿಮೀಟರ್ ಹಿಡಿಯಿರಿ: ಸ್ಪೀಕರ್ ಹಾಕಿದಾಗ 7.5 ಓಮ್ ಆಸುಪಾಸು (8 ಓಮ್ ಸ್ಪೀಕರ್ ಮೀಟರಿಗೆ ಕಮ್ಮಿಯೇ ಕಾಣುತ್ತದೆ), ತೆಗೆದಾಗ 12.3 ಬರಬೇಕು. ನಾನಂತೂ ಇನ್ನೊಮ್ಮೆ ಮಾಡಿದರೆ ಒಂದೇ ಡಬ್ಬಿ ಮಾಡುತ್ತೇನೆ.