ತಂಬಾಕು ಬಿಡಿಸುವ ಸಹಾಯವಾಣಿ ಮತ್ತು ನಿಕೋಟಿನ್ ಗಮ್: ಕಲಬುರಗಿಯ ಬಳಕೆದಾರರ ಮನೆಯಿಂದ ಒಂದು ವಿಮರ್ಶೆ

ಸಿಗರೇಟು ಪೊಟ್ಟಣಗಳ ಮೇಲೆ 2018ರಿಂದ ಅಚ್ಚಾಗುತ್ತಿರುವ 1800-11-2356 ಎಂಬ ಉಚಿತ ಸಹಾಯವಾಣಿಯನ್ನೂ, ಸಿಗರೇಟಿನ ಚಟ ಹಿಡಿಸುವ ನಿಕೋಟಿನನ್ನೇ ಹೊಗೆಯಿಲ್ಲದೆ ಕೊಟ್ಟು ಬಯಕೆ ತಣಿಸುವ, ಔಷಧಿ ಅಂಗಡಿಯಲ್ಲಿ ದೊರೆಯುವ 2 ಮಿಲಿಗ್ರಾಂ ನಿಕೋಟಿನ್ ಗಮ್ಮನ್ನೂ ಒಟ್ಟಿಗೆ ವಿಮರ್ಶಿಸುತ್ತಿದ್ದೇನೆ. ಇವನ್ನು ಬಳಸಿದವರು ನನ್ನ ಅಣ್ಣ. ಅವರಿಗೆ ಕಲಬುರಗಿಯಲ್ಲಿ ತೊಗರಿಬೇಳೆಯ ವ್ಯಾಪಾರ. ಹರೆಯದಲ್ಲಿ ಅಂಟಿದ ಸಿಗರೇಟು ಐವತ್ತು ದಾಟಿದರೂ ಬಿಟ್ಟಿರಲಿಲ್ಲ. ಆದರೆ ಗಮ್ಮಿಗೆ ಬರುವ ಮುನ್ನ ಅವರು ಕೆಲವು ಕಾಲ ಇ-ಸಿಗರೇಟನ್ನು ಸೇದಿದ್ದರಿಂದ, ಆ ಸಾಧನದ ಕುರಿತು ಮೊದಲು ಹೇಳದೆ ಈ ವಿಮರ್ಶೆ ಪೂರ್ತಿಯಾಗುವುದಿಲ್ಲ.

ಅದನ್ನು ತಂದುಕೊಟ್ಟವನು ಶಾರ್ಜಾದಲ್ಲಿ ದುಡಿಯುವ ಅವರ ಮಗ. “ಅಪ್ಪಾ, ಇದ್ರಾಗ ಬೆಂಕಿ ಇಲ್ಲ, ಬೂದಿ ಇಲ್ಲ, ಬರೇ ಉಗಿ ಅದ” ಎಂದು ಪ್ರೀತಿಯಿಂದಲೇ ಕೊಟ್ಟ. ಅವನ ಮಾತಿನಲ್ಲಿ ಅರ್ಧ ಸತ್ಯವಿತ್ತು, ಆ ಅರ್ಧ ಚಿಕ್ಕದೇನೂ ಅಲ್ಲ. ಸಿಗರೇಟು ಕೊಲ್ಲುವುದು ಮುಖ್ಯವಾಗಿ ಉರಿಯುವುದರಿಂದ. ಎಲೆ ಉರಿದಾಗ ಏಳು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳು ಹುಟ್ಟುತ್ತವೆ. ಅವುಗಳಲ್ಲಿ ಕನಿಷ್ಠ ಎಪ್ಪತ್ತು ಕ್ಯಾನ್ಸರ್‌ಕಾರಕ. ಟಾರ್ ಶ್ವಾಸಕೋಶದಲ್ಲಿ ಕೂರುತ್ತದೆ, ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಕಿತ್ತುಕೊಳ್ಳುತ್ತದೆ. ಇ-ಸಿಗರೇಟಿನಲ್ಲಿ ಎಲೆಯೂ ಇಲ್ಲ, ಉರಿಯೂ ಇಲ್ಲ. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳ ಮತ್ತು ನಿಕೋಟಿನ್ ಬೆರೆಸಿದ ದ್ರವವನ್ನು ಬ್ಯಾಟರಿಯಿಂದ ಕಾದ ತಂತಿಯ ಸುರುಳಿಯೊಂದು ಹಬೆಯಾಗಿಸುತ್ತದೆ, ಅಷ್ಟೆ. ಹೀಗಾಗಿ ಸಿಗರೇಟನ್ನು ಪೂರ್ತಿ ಬಿಟ್ಟು ಇದಕ್ಕೆ ಹೊರಳಿದ ವಯಸ್ಕರ ದೇಹಕ್ಕೆ ಸೇರುವ ವಿಷ ಬಹಳಷ್ಟು ಕಡಿಮೆಯಾಗುತ್ತದೆ. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯು 2015ರಲ್ಲಿ ಇದು ಸಿಗರೇಟಿಗಿಂತ ಸುಮಾರು ಶೇ 95ರಷ್ಟು ಕಡಿಮೆ ಹಾನಿಕರ ಎಂದು ಅಂದಾಜಿಸಿತು. ಆ ಅಂಕಿಯ ಬಗ್ಗೆ ತಜ್ಞರಲ್ಲಿ ತಕರಾರುಗಳಿವೆ, ಹತ್ತಾರು ವರ್ಷ ಸೇದಿದರೆ ಏನಾಗುತ್ತದೆ ಎಂಬುದಕ್ಕೆ ಇನ್ನೂ ಪುರಾವೆ ಸಾಲದು. ಆದರೂ ಉರಿಯುವ ಸಿಗರೇಟೇ ಹೆಚ್ಚು ಅಪಾಯಕಾರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಹಾಗಿದ್ದರೂ ಅಣ್ಣನ ಕೈಯಲ್ಲಿದ್ದ ಆ ಸಾಧನವನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಕಡಿಮೆ ಹಾನಿಯ ಆ ಮಾತು ಹುಟ್ಟಿದ್ದು ಕಟ್ಟುನಿಟ್ಟಿನ ನಿಯಮಗಳಿರುವ ಮಾರುಕಟ್ಟೆಯಲ್ಲಿ. ಬ್ರಿಟನ್ನಿನಲ್ಲಿ ದ್ರವದ ನಿಕೋಟಿನ್ ಒಂದು ಮಿಲಿಲೀಟರಿಗೆ 20 ಮಿಲಿಗ್ರಾಂ ದಾಟುವಂತಿಲ್ಲ, ತೊಟ್ಟಿಯ ಗಾತ್ರ 2 ಮಿಲಿಲೀಟರ್ ಮೀರುವಂತಿಲ್ಲ, ಮಾರುವ ಮುನ್ನ ಒಳಗಿನ ಪದಾರ್ಥಗಳ ವಿವರವನ್ನು ಸರ್ಕಾರಕ್ಕೆ ಸಲ್ಲಿಸಬೇಕು. ಒಮ್ಮೆ ಬಳಸಿ ಎಸೆಯುವ ಮಾದರಿಯನ್ನಂತೂ 2025ರ ಜೂನ್ 1ರಿಂದ ಅಲ್ಲಿಯೂ ನಿಷೇಧಿಸಲಾಗಿದೆ. ನಮ್ಮ ಮನೆಗೆ ಬಂದದ್ದು ಅಂಥದೇ ಎಸೆಯುವ ಮಾದರಿ. ಅದರ ಮೇಲೆ ಶೇ 5 ನಿಕೋಟಿನ್ ಎಂದಿತ್ತು, ಅಂದರೆ ಮಿಲಿಲೀಟರಿಗೆ 50 ಮಿಲಿಗ್ರಾಂ, ಬ್ರಿಟಿಷ್ ಮಿತಿಯ ಎರಡೂವರೆ ಪಟ್ಟು. ತಯಾರಕರ ಪೂರ್ಣ ವಿಳಾಸ ಇರಲಿಲ್ಲ, ಬ್ಯಾಚ್ ಸಂಖ್ಯೆ ಇರಲಿಲ್ಲ, ಮಕ್ಕಳ ಕೈಗೆ ಸಿಗದಂತೆ ಇಡಬೇಕೆಂಬ ಎಚ್ಚರಿಕೆಯೂ ಇರಲಿಲ್ಲ. ಮಾವಿನ ಹಣ್ಣಿನ ವಾಸನೆ ಮಾತ್ರ ಕೋಣೆ ತುಂಬುವಷ್ಟಿತ್ತು. ಮನೆಯಲ್ಲಿ ಪುಟ್ಟ ಮಕ್ಕಳಿರುವಾಗ ನನ್ನನ್ನು ಹೆಚ್ಚು ಕಾಡಿದ್ದು ಆ ವಾಸನೆಯೇ. ಅಮೆರಿಕದಲ್ಲಿ 2019–20ರಲ್ಲಿ ಇಂಥ ಸಾಧನಗಳಿಂದ ಶ್ವಾಸಕೋಶ ಹಾನಿಗೊಳಗಾಗಿ 2,800ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, 68 ಮಂದಿ ಸತ್ತರು. ಅದಕ್ಕೆ ಮುಖ್ಯ ಕಾರಣ ನಿಕೋಟಿನ್ ಅಲ್ಲ, ಗಾಂಜಾ ಅಂಶದ ದ್ರವಕ್ಕೆ ಕಳ್ಳ ಮಾರಾಟಗಾರರು ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ಒಳಗೆ ಏನಿದೆ ಎಂದು ಯಾರೂ ಪರೀಕ್ಷಿಸದ ಹಬೆಯನ್ನು ಶ್ವಾಸಕೋಶಕ್ಕೆ ಎಳೆದುಕೊಳ್ಳುವ ಅಪಾಯ ಎಂಥದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಕಾನೂನಿನ ಮಾತೂ ಇದೆ. ಕರ್ನಾಟಕ ಸರ್ಕಾರ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತ್ತು. 2019ರ ಕೇಂದ್ರ ಕಾಯ್ದೆಯು ಇಡೀ ದೇಶದಲ್ಲಿ ಅದರ ತಯಾರಿಕೆ, ಆಮದು, ಸಾಗಣೆ, ಮಾರಾಟ, ದಾಸ್ತಾನು ಮತ್ತು ಜಾಹೀರಾತನ್ನು ತಡೆದಿದೆ. ದಾಸ್ತಾನನ್ನು ಬಿಟ್ಟು ಉಳಿದವಕ್ಕೆ, ಮೊದಲ ತಪ್ಪಿಗೆ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸೇದುವವನಿಗೆ ಪ್ರತ್ಯೇಕ ಶಿಕ್ಷೆಯನ್ನು ಕಾಯ್ದೆ ಹೇಳಿಲ್ಲ, ಆದರೆ ವಿದೇಶದಿಂದ ಚೀಲದಲ್ಲಿಟ್ಟು ತರುವುದೂ ಆಮದೇ ಎಂಬುದನ್ನು ಕೊಲ್ಲಿ ದೇಶಗಳಿಂದ ಮರಳುವ ನಮ್ಮ ಭಾಗದ ಹುಡುಗರು ತಿಳಿದಿರಬೇಕು. ಕಡಿಮೆ ಹಾನಿಯ ವಸ್ತುವಿಗೆ ಪೂರ್ಣ ನಿಷೇಧ, ಹೆಚ್ಚು ಹಾನಿಯ ಸಿಗರೇಟಿಗೆ ಬಸ್ ನಿಲ್ದಾಣದ ಎದುರಿನ ಪಾನ್ ಅಂಗಡಿಯಲ್ಲೂ ಸ್ಥಾನ: ಈ ವ್ಯವಸ್ಥೆ ನ್ಯಾಯವೇ ಎಂದು ಅಣ್ಣ ಕೇಳಿದ್ದುಂಟು. ಶಾಲಾ ಮಕ್ಕಳನ್ನು ನೆನೆದರೆ ನಿಷೇಧವನ್ನು ನಾನು ಒಪ್ಪುತ್ತೇನೆ. ಆದರೆ ಒಂದು ಬಾಗಿಲು ಮುಚ್ಚಿದ ಮೇಲೆ, ಸಿಗರೇಟು ಬಿಡಬಯಸುವವರಿಗೆ ಕಾನೂನುಬದ್ಧವಾದ ಇನ್ನೊಂದು ಬಾಗಿಲು ಪಾನ್ ಅಂಗಡಿಯಷ್ಟೇ ಹತ್ತಿರದಲ್ಲಿ ತೆರೆದಿರಬೇಕು. ಸಹಾಯವಾಣಿ ಮತ್ತು ಗಮ್ಮನ್ನು ನಾನು ಅಳೆಯುವುದು ಈ ನಿರೀಕ್ಷೆಯಿಂದಲೇ.

ಅಣ್ಣ ಇ-ಸಿಗರೇಟನ್ನು ಬಿಟ್ಟದ್ದು ನಿಷೇಧಕ್ಕೆ ಹೆದರಿ ಅಲ್ಲ. ಮನೆಯೊಳಗೆ ಅದನ್ನೂ ಹೊರಗೆ ಸಿಗರೇಟನ್ನೂ ಸೇದತೊಡಗಿದ್ದರಿಂದ, ಎರಡರ ನಿಕೋಟಿನ್ನೂ ಸೇರಿ ಚಟ ಮೊದಲಿಗಿಂತ ಬಿಗಿಯಾಗಿತ್ತು. ಹೀಗೆ ಎರಡನ್ನೂ ಒಟ್ಟಿಗೆ ಇಟ್ಟುಕೊಂಡರೆ ಕಡಿಮೆ ಹಾನಿಯ ಲಾಭ ಹೆಚ್ಚುಕಡಿಮೆ ಕೈತಪ್ಪಿದಂತೆಯೇ. ಆಗ ಸಹಾಯವಾಣಿಗೆ ಕರೆ ಮಾಡಿದೆವು.

ಸೇವೆ ಒಳ್ಳೆಯದು. ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯಲ್ಲಿ 2016ರಲ್ಲಿ ಆರಂಭವಾದ ಇದಕ್ಕೆ ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಕೇಂದ್ರವಿದ್ದು, ಕನ್ನಡದಲ್ಲಿ ಮಾತನಾಡಬಹುದು. ಆಪ್ತಸಮಾಲೋಚಕಿ ಉಪದೇಶ ಮಾಡಲಿಲ್ಲ. ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟು, ಯಾವ ಹೊತ್ತಿನಲ್ಲಿ ತಡೆಯಲಾಗುವುದಿಲ್ಲ, ಜೊತೆಗೆ ಯಾರಿರುತ್ತಾರೆ ಎಂದು ವಿಚಾರಿಸಿ, ಬಿಡುವ ದಿನವೊಂದನ್ನು ಅಣ್ಣನ ಬಾಯಿಂದಲೇ ಹೇಳಿಸಿದರು. “ಚಹಾ ಕುಡಿದ ಕೂಡ್ಲೇ ಕೈ ತಾನಾಗೇ ಕಿಸೆಗೆ ಹೋಗ್ತದ್ರಿ” ಎಂದು ಅಣ್ಣ ಹೇಳಿದಾಗ, ಕೆಲವು ವಾರ ಚಹಾದ ಅಂಗಡಿಯನ್ನೇ ಬದಲಿಸಿ ಎಂದರು. ಬಿಡುವ ದಿನ ಕಳೆದ ಮೇಲೆ ಅವರೇ ಮರಳಿ ಕರೆ ಮಾಡಿ ವಿಚಾರಿಸಿದ್ದು ಅಣ್ಣನಿಗೆ ಬಹಳ ಬಲ ಕೊಟ್ಟಿತು. ಮನೆಯವರ ಒತ್ತಾಯಕ್ಕೆ ಸಿಡಿಮಿಡಿಗೊಳ್ಳುತ್ತಿದ್ದವರು ಆ ಕರೆಗೆ ಮಾತ್ರ ಕಾಯುತ್ತಿದ್ದರು.

ಗಮ್ಮಿನ ವಿಷಯಕ್ಕೆ ಬಂದರೆ, ಅದನ್ನು ಅಗಿಯುವ ಕ್ರಮ ತಿಳಿಯದಿದ್ದರೆ ಹಣ ನೀರುಪಾಲು. ಬಬಲ್ ಗಮ್ಮಿನಂತೆ ಒಂದೇ ಸಮನೆ ಅಗಿದರೆ ನಿಕೋಟಿನ್ ಜೊಲ್ಲಿನೊಂದಿಗೆ ಹೊಟ್ಟೆಗಿಳಿದು ಬಿಕ್ಕಳಿಕೆ, ಎದೆಯುರಿ ತರುತ್ತದೆ. ನಿಧಾನವಾಗಿ ಅಗಿದು, ಬಾಯಲ್ಲಿ ಮೆಣಸಿನಂಥ ಚುರುಕು ಕಂಡಾಗ ಕೆನ್ನೆ ಮತ್ತು ವಸಡಿನ ನಡುವೆ ಒತ್ತಿ ಇಟ್ಟು, ಚುರುಕು ಇಳಿದ ಮೇಲೆ ಮತ್ತೆ ಅಗಿಯಬೇಕು. ಹೀಗೆ ಅರ್ಧ ಗಂಟೆ. ಅದಕ್ಕೆ ಕಾಲು ಗಂಟೆ ಮೊದಲಿನಿಂದ ಚಹಾ, ಕಾಫಿ, ಸೋಡಾ ಯಾವುದೂ ಬೇಡ. ಇದನ್ನು ಯಾವ ಔಷಧಿ ಅಂಗಡಿಯವರೂ ನಮಗೆ ಹೇಳಲಿಲ್ಲ. ಒಂದು ಅಂಗಡಿಯಲ್ಲಂತೂ ವೈದ್ಯರ ಚೀಟಿ ಬೇಕಾದ 4 ಮಿಲಿಗ್ರಾಂ ಗಮ್ಮನ್ನು ಏನೂ ಕೇಳದೆ ಕೊಟ್ಟರು. ಚೀಟಿಯಿಲ್ಲದೆ ಕೊಳ್ಳಬಹುದಾದದ್ದು 2 ಮಿಲಿಗ್ರಾಂನದು ಮಾತ್ರ.

ಗಮ್ಮಿಗೆ ದೌರ್ಬಲ್ಯವಿದೆ. ಸಿಗರೇಟಿನ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳು ಮುಟ್ಟುತ್ತದೆ, ಗಮ್ಮಿನದು ಬಾಯಿಯ ಒಳಪದರದ ಮೂಲಕ ನಿಧಾನವಾಗಿ ಏರುತ್ತದೆ. ಮೊದಲ ವಾರ ಅಣ್ಣನಿಗೆ ಇದರಿಂದ ತೃಪ್ತಿಯೇ ಆಗಲಿಲ್ಲ. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ 2019ರಲ್ಲಿ ಪ್ರಕಟವಾದ ಬ್ರಿಟಿಷ್ ಅಧ್ಯಯನದಲ್ಲಿ, ಒಂದು ವರ್ಷದ ಬಳಿಕ ಸಿಗರೇಟಿನಿಂದ ದೂರವಿದ್ದವರು ಇ-ಸಿಗರೇಟಿನ ಗುಂಪಿನಲ್ಲಿ ಶೇ 18, ಗಮ್ ಮೊದಲಾದ ಬದಲಿ ನಿಕೋಟಿನ್ ಪಡೆದ ಗುಂಪಿನಲ್ಲಿ ಶೇ 9.9. ಇದನ್ನು ಮುಚ್ಚಿಟ್ಟು ಗಮ್ಮನ್ನು ಹೊಗಳುವುದು ಸರಿಯಲ್ಲ. ಆದರೆ ಹಾಗೆ ಸಿಗರೇಟು ಬಿಟ್ಟವರಲ್ಲಿ, ವರ್ಷದ ಕೊನೆಗೂ ಕೊಟ್ಟ ಸಾಧನವನ್ನು ಬಳಸುತ್ತಲೇ ಇದ್ದವರು ಮೊದಲ ಗುಂಪಿನಲ್ಲಿ ಶೇ 80, ಎರಡನೆಯದರಲ್ಲಿ ಶೇ 9 ಎಂಬುದೂ ಅದೇ ಅಧ್ಯಯನದ ಮಾತು. ಗಮ್ ತಾನೂ ಬಿಟ್ಟುಹೋಗುತ್ತದೆ. ನನ್ನ ದೃಷ್ಟಿಯಲ್ಲಿ ಅದರ ದೊಡ್ಡ ಗುಣವಿದು. ಅಣ್ಣ ಈಗ ಸಿಗರೇಟನ್ನು ಪೂರ್ತಿ ನಿಲ್ಲಿಸಿದ್ದಾರೆ, ಗಮ್ಮನ್ನು ಇಳಿಸುತ್ತಿದ್ದಾರೆ.

ಬೆಲೆಯಲ್ಲಿ ಗಮ್ ದೊಡ್ಡ ಸಿಗರೇಟಿಗಿಂತ ದುಬಾರಿಯಲ್ಲ. ಆದರೆ ಬೀಡಿಗೆ ಹೋಲಿಸಿದರೆ ಬಹಳ ದುಬಾರಿ. ಶಹಾಬಾದಿನ ಕಲ್ಲುಗಣಿಯಲ್ಲಿ ದೂಳನ್ನೂ ಬೀಡಿಯ ಹೊಗೆಯನ್ನೂ ಒಟ್ಟಿಗೆ ಕುಡಿಯುವ ಕಾರ್ಮಿಕ ಇದನ್ನು ತಿಂಗಳುಗಟ್ಟಲೆ ಕೊಳ್ಳಲಾರ. ನಿಕೋಟಿನ್ ಬದಲಿ ಚಿಕಿತ್ಸೆ 2022ರಲ್ಲಿ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿ ಸೇರಿರುವಾಗ, ಅದು ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗಲೇಬೇಕು.

ಸಹಾಯವಾಣಿಯ ಬಗ್ಗೆಯೂ ಒಂದು ಕೊರತೆ ಹೇಳಬೇಕು. ಅದರ ಸಂಖ್ಯೆ ಇರುವುದು ಪೊಟ್ಟಣದ ಮೇಲೆ. ನಮ್ಮ ಊರಿನಲ್ಲಿ ಬಹುಪಾಲು ಜನ ಚಹಾದಂಗಡಿಯಲ್ಲಿ ಬಿಡಿ ಸಿಗರೇಟು ಕೊಳ್ಳುವವರು, ಅವರಿಗೆ ಆ ಪೊಟ್ಟಣ ಕಾಣುವುದೇ ಇಲ್ಲ. ರಾಜ್ಯದಲ್ಲಿ ಬಿಡಿ ಮಾರಾಟಕ್ಕೆ ನಿಷೇಧವಿದೆ, ಆದರೆ ಪಾಲನೆಯಿಲ್ಲ. ಆ ಸಂಖ್ಯೆಯನ್ನು ಚಹಾದಂಗಡಿಗಳ ಗೋಡೆಗೆ, ಸಾರಿಗೆ ಬಸ್ಸುಗಳ ಒಳಗೆ ಕನ್ನಡದಲ್ಲೂ ಉರ್ದುವಿನಲ್ಲೂ ಬರೆಸುವುದಕ್ಕೆ ಹೆಚ್ಚು ಖರ್ಚೇನೂ ಆಗದು.

ಕರೆ ಮಾಡಬಯಸುವವರಿಗೆ: ಸೋಮವಾರ ಸಹಾಯವಾಣಿಗೆ ರಜೆ, ಉಳಿದ ದಿನ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ತೆರೆದಿರುತ್ತದೆ. ಹೃದಯದ ತೊಂದರೆ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಗಮ್ ಆರಂಭಿಸಬೇಕು.