ಲಾಲ್‌ಬಾಗ್ ಓಟವೋ, ಮಹಡಿ ಮೆಟ್ಟಿಲೋ, ಕುಮಾರ ಪರ್ವತವೋ: ಕಾಂಗ್ ಯಾಟ್ಸೆಗೆ ತಯಾರಿ

ಲಡಾಖಿನ ಕಾಂಗ್ ಯಾಟ್ಸೆ-2 ಶಿಖರದ ಎತ್ತರ 6,250 ಮೀಟರ್. ಬೆಂಗಳೂರು ಇರುವುದು ಸುಮಾರು 920 ಮೀಟರಿನಲ್ಲಿ. ನಮ್ಮ ರಾಜ್ಯಕ್ಕೆಲ್ಲ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಹಾಗಿರುವಾಗ ಇಲ್ಲಿದ್ದುಕೊಂಡೇ ತಯಾರಾಗುವುದು ಹೇಗೆ? ಲಡಾಖಿನದೇ ಇನ್ನೊಂದು ಶಿಖರ ಸ್ಟೋಕ್ ಕಾಂಗ್ರಿಯನ್ನು 2020ರಲ್ಲಿ ಹತ್ತುವವರಿಗೆ ಮುಚ್ಚಿದ ಮೇಲೆ, ಆರು ಸಾವಿರ ಮೀಟರ್ ದಾಟುವ ಆಸೆ ಇರುವ ಹೊಸಬರು ಕಾಂಗ್ ಯಾಟ್ಸೆ ಕಡೆ ತಿರುಗಿದ್ದಾರೆ. ಹೊರಡುವ ಮುಂಚೆ ಎಲ್ಲರೂ ಕೇಳುವುದು ಇದನ್ನೇ.

ನಾನು ಓಡಿ ನೋಡಿದ್ದೇನೆ, ಬ್ಯಾಗ್ ಹೊತ್ತು ಮೆಟ್ಟಿಲು ಹತ್ತಿ ನೋಡಿದ್ದೇನೆ, ವಾರಾಂತ್ಯಕ್ಕೆ ಬೆಟ್ಟ ಸುತ್ತಿಯೂ ನೋಡಿದ್ದೇನೆ. ಇವನ್ನು ಹೋಲಿಸುವುದಕ್ಕೆ ನನ್ನ ಲೆಕ್ಕ ಒಂದೇ: ತುದಿಗೆ ಹತ್ತುವ ಕೊನೆಯ ರಾತ್ರಿ, ಅಂದರೆ ಶಿಖರದ ರಾತ್ರಿ, ಇವುಗಳಲ್ಲಿ ಯಾವುದು ಕೆಲಸಕ್ಕೆ ಬಂತು? ಆ ರಾತ್ರಿ ಬೇಸ್ ಕ್ಯಾಂಪಿನಿಂದ ತುದಿಗೆ ಹೆಚ್ಚುಕಡಿಮೆ 1,200 ಮೀಟರ್ ಏರಬೇಕು. ಕಾಲಿಗೆ ಎರಡು ಪದರದ ಭಾರದ ಬೂಟು, ಅದರಡಿಗೆ ಹಿಮದಲ್ಲಿ ಜಾರದಂತೆ ಕಟ್ಟುವ ಕಬ್ಬಿಣದ ಮುಳ್ಳು (ಕ್ರಾಂಪಾನ್), ಬೆನ್ನಿಗೆ ಬ್ಯಾಗ್. ತುದಿ ಮುಟ್ಟಿದ ಮೇಲೆ ಅಷ್ಟನ್ನೂ ಇಳಿಯಬೇಕು.

ಮೊದಲು ಓಟ. ಬೆಳಗ್ಗೆ ಲಾಲ್‌ಬಾಗಿನಲ್ಲಿ ಓಡುವುದು ಸುಖ. ಖರ್ಚಿಲ್ಲ, ಗಾಳಿ ಚೆನ್ನಾಗಿದೆ, ಮುಗಿಸಿ ಹೊರಗೆ ಬಂದರೆ ಒಳ್ಳೆ ಇಡ್ಲಿ ಸಿಗುತ್ತದೆ. ಹೃದಯ, ಶ್ವಾಸಕೋಶ ಎರಡೂ ಗಟ್ಟಿಯಾಗುತ್ತವೆ, ಅದರಲ್ಲಿ ಅನುಮಾನ ಬೇಡ. ಆದರೆ ಓಟದಲ್ಲಿ ಬೆನ್ನ ಮೇಲೆ ಭಾರ ಇರುವುದಿಲ್ಲ, ದಾರಿ ಬಹುಪಾಲು ಸಮತಟ್ಟು. ಇನ್ನೊಂದು ತೊಂದರೆ, ಓಡುವವರಿಗೆ ನಿಧಾನಕ್ಕೆ ಹೋಗುವುದೇ ಗೊತ್ತಿರುವುದಿಲ್ಲ. ನಮ್ಮ ತಂಡದಲ್ಲಿ ಚೆನ್ನಾಗಿ ಓಡುತ್ತಿದ್ದ ಹುಡುಗನೊಬ್ಬ ಮೊದಲ ಗಂಟೆ ಎಲ್ಲರಿಗಿಂತ ಮುಂದಿದ್ದ. ಮೂರನೇ ಗಂಟೆಗೆ ಎಲ್ಲರಿಗಿಂತ ಹಿಂದೆ. ಆ ಎತ್ತರದಲ್ಲಿ ಒಮ್ಮೆ ಏದುಸಿರು ಹತ್ತಿದರೆ ಅದು ಇಳಿಯುವುದಕ್ಕೆ ತುಂಬಾ ಹೊತ್ತು ಬೇಕು. ತಯಾರಿಯ ಮೊದಲ ಒಂದೆರಡು ತಿಂಗಳಿಗೆ ಓಟ ಸರಿ, ಆಮೇಲೆ ವಾರಕ್ಕೆರಡು ಸಲ ಸಾಕು.

ಇನ್ನು ಮೆಟ್ಟಿಲು. ಇಷ್ಟು ಬೇಜಾರಿನ ಕಸರತ್ತು ಬೇರೆ ಇಲ್ಲ. ಆದರೆ ನನ್ನ ಮಟ್ಟಿಗೆ ಜಾಸ್ತಿ ಫಲ ಕೊಟ್ಟಿದ್ದೂ ಇದೇ. ಒಂದು ಮಹಡಿಗೆ ಮೂರು ಮೀಟರ್ ಅಂದುಕೊಳ್ಳಿ. ಹದಿನಾಲ್ಕು ಮಹಡಿಯ ಕಟ್ಟಡವನ್ನು ಒಮ್ಮೆ ಹತ್ತಿದರೆ 42 ಮೀಟರ್. ಶಿಖರದ ರಾತ್ರಿಯ 1,200 ಮೀಟರ್ ಆಗಬೇಕಾದರೆ ಇಪ್ಪತ್ತೆಂಟು, ಇಪ್ಪತ್ತೊಂಬತ್ತು ಸಲ ಹತ್ತಬೇಕು. ಒಂದೇ ದಿನ ಅಷ್ಟು ಮಾಡಿ ಅಂತ ಹೇಳುತ್ತಿಲ್ಲ. ವಾರದ ಒಟ್ಟು ಲೆಕ್ಕದಲ್ಲಿ ಅದನ್ನು ದಾಟಿದರೆ ಧೈರ್ಯ ಬರುತ್ತದೆ.

ಬ್ಯಾಗಿಗೆ ಮೊದಮೊದಲು ಐದು ಕೆಜಿ ಅಕ್ಕಿ ಚೀಲ ಹಾಕುತ್ತಿದ್ದೆ, ಆಮೇಲೆ ನೀರಿನ ಬಾಟಲಿಗಳಿಗೆ ಬದಲಾಯಿಸಿದೆ. ನೀರಿನದೊಂದು ಅನುಕೂಲ ಇದೆ. ಮೇಲೆ ಹೋದಮೇಲೆ ಟೆರೇಸಿನ ಕುಂಡಗಳಿಗೆ ಸುರಿದುಬಿಡಬಹುದು, ಇಳಿಯುವಾಗ ಮಂಡಿಗೆ ಭಾರ ಬೀಳುವುದಿಲ್ಲ. ಪರ್ವತಾರೋಹಿಗಳ ಹಳೆಯ ಉಪಾಯ ಇದು. ನಮ್ಮ ಕಟ್ಟಡದ ಕರಿಬೇವಿನ ಗಿಡ ಆ ವರ್ಷ ಚೆನ್ನಾಗಿ ಚಿಗುರಿತು ಅನ್ನುವುದು ಬೇರೆ ಮಾತು. ಸೆಕ್ಯೂರಿಟಿಯವರು "ಲಿಫ್ಟ್ ಕೆಲಸ ಮಾಡ್ತಿದೆ ಸಾರ್" ಅಂತ ದಿನವೂ ನೆನಪಿಸುತ್ತಿದ್ದರು.

ಮೆಟ್ಟಿಲಿನಲ್ಲಿ ಕಲಿಯಬೇಕಾದ ದೊಡ್ಡ ವಿಷಯ ನಡಿಗೆಯ ಲಯ. ಒಂದು ಕಾಲು ಮೇಲಿನ ಮೆಟ್ಟಿಲ ಮೇಲಿಟ್ಟು, ಹಿಂದಿನ ಕಾಲಿನ ಮಂಡಿಯನ್ನು ನೇರ ಮಾಡಿ, ಪೂರಾ ಭಾರ ಅದರ ಮೇಲೆ ಬಿಟ್ಟು ಅರೆಕ್ಷಣ ನಿಲ್ಲಬೇಕು. ಆಗ ಭಾರ ಹೊರುವುದು ಮೂಳೆ, ಮಾಂಸಖಂಡಕ್ಕೆ ವಿರಾಮ. ಪರ್ವತಾರೋಹಣದಲ್ಲಿ ಇದನ್ನು ರೆಸ್ಟ್ ಸ್ಟೆಪ್ ಅನ್ನುತ್ತಾರೆ. ಮನೆಯ ಮೆಟ್ಟಿಲ ಮೇಲೆ ಇದನ್ನು ಮಾಡುವಾಗ ನೋಡುವವರಿಗೆ ನಗು ಬರುತ್ತದೆ. ಹಿಮದ ಇಳಿಜಾರಿನಲ್ಲಿ ಕತ್ತಲಲ್ಲಿ ನಡೆಯುವಾಗ ಮಾತ್ರ ಕಾಲು ತಾನಾಗಿಯೇ ಅದನ್ನು ಮಾಡುತ್ತಿತ್ತು. ವೇಗಕ್ಕೂ ಒಂದು ಸುಲಭ ಪರೀಕ್ಷೆ ಇದೆ. ಹತ್ತುತ್ತಾ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಆಗದಿದ್ದರೆ ನಿಧಾನ ಮಾಡಿ.

ಕುಮಾರ ಪರ್ವತಕ್ಕೆ ಬರೋಣ. ಎತ್ತರ 1,712 ಮೀಟರ್ ಅಷ್ಟೇ, ಆದರೆ ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹೊರಟರೆ ಸುಮಾರು ಒಂದೂವರೆ ಸಾವಿರ ಮೀಟರ್ ಏರು. ಅಂದರೆ ಕಾಂಗ್ ಯಾಟ್ಸೆಯ ಕೊನೆಯ ಏರಿಗಿಂತ ಜಾಸ್ತಿ. ಕಾಡು ದಾಟಿ ಗಿರಿಗದ್ದೆಯ ಭಟ್ಟರ ಮನೆ ಮುಟ್ಟಿದಮೇಲೆ ಬಿಸಿಲು ಶುರು. ಬಯಲು ಹುಲ್ಲುಗಾವಲು, ನೆರಳೇ ಇಲ್ಲ. ಮೆಟ್ಟಿಲು ಕಲಿಸದ ಎರಡು ಪಾಠ ಇಲ್ಲಿ ಸಿಗುತ್ತವೆ. ಒಂದು, ಹಸಿವಿಲ್ಲದಾಗಲೂ ಗಂಟೆಗೊಮ್ಮೆ ಏನಾದರೂ ತಿನ್ನುವುದು. ಇನ್ನೊಂದು, ದಣಿದ ಕಾಲಲ್ಲಿ ಉದ್ದದ ಇಳಿಜಾರು ಇಳಿಯುವುದು. ಇಳಿಯುವಾಗ ತೊಡೆಯ ಮುಂದಿನ ಮಾಂಸಖಂಡ ಹಿಗ್ಗುತ್ತಲೇ ಭಾರ ತಡೆಯಬೇಕು. ಮಾರನೇ ದಿನ ಕುರ್ಚಿಯಿಂದ ಏಳಲಾಗದ ನೋವು ಬರುವುದು ಅದರಿಂದಲೇ. ಈ ಅಭ್ಯಾಸ ಲಾಲ್‌ಬಾಗಿನಲ್ಲಿ ಆಗುವುದಿಲ್ಲ. ಬೆಟ್ಟದ ಕಷ್ಟ ಏನೆಂದರೆ ವರ್ಷದಲ್ಲಿ ಕೆಲವು ತಿಂಗಳು ಹತ್ತಲು ಬಿಡುವುದಿಲ್ಲ, ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು, ಎರಡು ರಾತ್ರಿ ಬಸ್ಸಿನಲ್ಲಿ ಕಳೆಯಬೇಕು. ತಿಂಗಳಿಗೊಮ್ಮೆ ಆದರೆ ದೊಡ್ಡದು. ನಂದಿ ಬೆಟ್ಟದ ಹಳೇ ಮೆಟ್ಟಿಲು ಹತ್ತಿರ, ನಿಜ. ಆದರೆ ಬೆವರು ಬರುವ ಹೊತ್ತಿಗೆ ಮುಗಿದುಹೋಗುತ್ತದೆ.

ಜಿಮ್ಮಿನಲ್ಲಿ ಮುಖಕ್ಕೆ ಕಟ್ಟಿಕೊಳ್ಳುವ "ಆಲ್ಟಿಟ್ಯೂಡ್" ಮಾಸ್ಕ್ ಬಗ್ಗೆ ಎರಡೇ ಮಾತು: ಕೊಳ್ಳಬೇಡಿ. ಅದು ಉಸಿರೆಳೆಯುವುದನ್ನು ಕಷ್ಟ ಮಾಡುತ್ತದೆ, ಅಷ್ಟೇ. ಎತ್ತರದಲ್ಲಿ ಆಗುವುದೇ ಬೇರೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲೂ ಶೇ. 21ರಷ್ಟೇ, ಕಡಿಮೆಯಾಗುವುದು ಗಾಳಿಯ ಒತ್ತಡ. 5,500 ಮೀಟರಿನ ಸುತ್ತಮುತ್ತ ಅದು ಸಮುದ್ರಮಟ್ಟದ ಅರ್ಧಕ್ಕೆ ಇಳಿಯುತ್ತದೆ. ಇದಕ್ಕೆ ಬೆಂಗಳೂರಿನಲ್ಲಿ ಯಾವ ಕಸರತ್ತೂ ಇಲ್ಲ. ಅಲ್ಲಿಗೇ ಹೋಗಿ, ದಿನ ಕೊಟ್ಟು, ದೇಹವನ್ನು ಒಗ್ಗಿಸಬೇಕು.

ಹಾಗಾಗಿ ಲೇಹ್‌ಗೆ ಹೇಗೆ ಹೋಗುತ್ತೀರಿ ಅನ್ನುವುದೂ ತಯಾರಿಯೇ. ವಿಮಾನದಲ್ಲಿ ಹೋದಾಗ ಬೆಳಗ್ಗೆಯೇ 3,500 ಮೀಟರಿನಲ್ಲಿ ಇಳಿದೆ. ಮೆಟ್ಟಿಲು ಹತ್ತಿ ರೂಮಿಗೆ ಹೋಗುವಷ್ಟರಲ್ಲಿ ತಲೆ ಭಾರ. ಎರಡು ದಿನ ಸುಮ್ನೆ ಬಿದ್ದುಕೊಂಡರೆ ಸರಿಹೋಗುತ್ತದೆ. ಮನಾಲಿ ರಸ್ತೆ ನೋಡಲು ಬಲು ಚೆಂದ, ಆದರೆ 3,200 ಮೀಟರಿನ ಜಿಸ್ಪಾದಲ್ಲಿ ಮಲಗಿದವರನ್ನು ಮಾರನೇ ರಾತ್ರಿ 4,290 ಮೀಟರಿನ ಸರ್ಚುವಿನಲ್ಲಿ ಮಲಗಿಸುತ್ತಾರೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ರಾತ್ರಿಗೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು ಅನ್ನುವುದು ವೈದ್ಯರ ಮಾತು. ಸರ್ಚುವಿನ ಡೇರೆಯಲ್ಲಿ ನನಗೆ ನಿದ್ದೆಯೇ ಹತ್ತಲಿಲ್ಲ.

ನನ್ನ ಮತ ಶ್ರೀನಗರದ ರಸ್ತೆಗೆ. ಕಾರ್ಗಿಲ್‌ನಲ್ಲಿ ಸುಮಾರು 2,700 ಮೀಟರಿನಲ್ಲಿ ಒಂದು ರಾತ್ರಿ, ಮಾರನೇ ದಿನ ಫೋಟು ಲಾ ಅನ್ನುವ ಎತ್ತರದ ಘಾಟಿ ದಾಟಿ ಲೇಹ್. ರಾತ್ರಿ ಮಲಗುವುದು ತಗ್ಗಿನಲ್ಲಿ, ಹಗಲು ದಾಟುವುದು ಎತ್ತರದಲ್ಲಿ. ಹೀಗೆ ಹೋದಾಗ ಲೇಹ್‌ನಲ್ಲಿ ತಲೆನೋವೇ ಬರಲಿಲ್ಲ. ರಜೆ ಕಡಿಮೆ ಇದ್ದರೆ ವಿಮಾನವೇ ಸರಿ, ಆದರೆ ಉಳಿಸಿದ ದಿನಗಳನ್ನು ಲೇಹ್‌ನಲ್ಲಿ ಕಳೆಯಲೇಬೇಕು. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆ ಬೇಕೋ ಬೇಡವೋ ಅಂತ ಹೊರಡುವ ಮುಂಚೆಯೇ ನಿಮ್ಮ ಡಾಕ್ಟರನ್ನು ಕೇಳಿ. ಸಲ್ಫಾ ಔಷಧಿಗಳ ಅಲರ್ಜಿ ಇದ್ದರೆ ಅದನ್ನೂ ಹೇಳಿ. ಬೂಟನ್ನು ಲೇಹ್‌ನಲ್ಲೇ ಬಾಡಿಗೆಗೆ ತೆಗೆದುಕೊಳ್ಳುವುದಾದರೆ ವಿಶ್ರಾಂತಿಯ ಎರಡನೇ ದಿನ ಅಂಗಡಿಗೆ ಹೋಗಿ. ಶಿಖರಕ್ಕೆ ಹಾಕುವ ದಪ್ಪ ಸಾಕ್ಸ್ ಹಾಕಿಕೊಂಡೇ ಅಳತೆ ನೋಡಿ, ಇಳಿಜಾರಿನಲ್ಲಿ ನಿಂತಾಗ ಹೆಬ್ಬೆರಳು ಮುಂದೆ ತಾಗಿದರೆ ಒಂದು ಸೈಜ್ ದೊಡ್ಡದು ಕೇಳಿ.